ಮಸಾಯೊ ಮನೆಗೆ ನಡೆದು ಬಂದ ಭಾನುವಾರ

ಭೂಕಂಪವಾಗಿ ರೈಲು ನಿಂತರೆ ಮನೆಗೆ ನಡೆದು ಹೋಗಲು ಬೇಕಾದ್ದನ್ನೆಲ್ಲ ಬೆನ್ನುಚೀಲಕ್ಕೆ ತುಂಬಿ, ಕೆಲಸದ ಮೇಜಿನ ಕೆಳಗೆ ಇಟ್ಟುಕೊಳ್ಳುವವರು ಟೋಕಿಯೊದಲ್ಲಿ ಬೇಕಾದಷ್ಟು ಜನ. ಇಟ್ಟ ಮೇಲೆ ಅದನ್ನು ಬಿಚ್ಚಿ ನೋಡುವವರು ಮಾತ್ರ ಬೆರಳೆಣಿಕೆ. ಚೀಲ ಇದೆ ಅನ್ನುವುದೇ ಅವರಿಗೆ ಒಂದು ಸಮಾಧಾನ, ಅಷ್ಟಕ್ಕೇ ಭೂಕಂಪವನ್ನು ಗೆದ್ದಂತೆ ಓಡಾಡುತ್ತಾರೆ. ಬಾಕುರೊ ಬೀದಿಯ ಗುಂಡಿ ಅಂಗಡಿಯ ಮಸಾಯೊ ಆ ಜಾತಿಯವಳಲ್ಲ. ಪ್ರತಿ ಸೆಪ್ಟೆಂಬರ್‌ನಲ್ಲಿ, ಊರೆಲ್ಲ ವಿಪತ್ತಿನ ತಾಲೀಮು ನಡೆಸುವ ದಿನಗಳಲ್ಲಿ, ಅವಳು ಒಂದು ಭಾನುವಾರ ಮುಚ್ಚಿದ ಅಂಗಡಿಗೆ ಬಂದು, ಚೀಲ ಹೆಗಲಿಗೇರಿಸಿ, ಅರಾಕಾವಾ ನದಿಯಾಚೆ ಕವಾಗುಚಿಯಲ್ಲಿರುವ ತನ್ನ ಮನೆಗೆ ನಡೆದೇ ಹೋಗುತ್ತಾಳೆ. ಮೊದಮೊದಲು ನಗುತ್ತಿದ್ದ ಬೀದಿಯವರು ಈಗ ನಗುವುದನ್ನೂ ಬಿಟ್ಟಿದ್ದಾರೆ.

ಅಕಿತಾದ ಹಿಮದ ಹಳ್ಳಿಯಿಂದ ಹೈಸ್ಕೂಲು ಮುಗಿಸಿ ಬಂದವಳು ನೇರವಾಗಿ ಸೇರಿದ್ದು ಈ ಅಂಗಡಿಗೆ. ಅಂಗಿಯ ಗುಂಡಿ, ಕೋಟಿನ ಗುಂಡಿ, ಶಾಲೆಯ ಸಮವಸ್ತ್ರದ ಹಿತ್ತಾಳೆ ಗುಂಡಿ, ಎಲ್ಲ ಸಗಟು ವ್ಯಾಪಾರ. ಆಗಿನ ಯಜಮಾನರು ಹೋದರು, ಅವರ ಮಗ ಹೋದರು, ಈಗ ಮೊಮ್ಮಗ ಸೆಕಿನೆ ಗಲ್ಲೆಯ ಮೇಲೆ ಕೂತಿದ್ದಾನೆ. ಮಸಾಯೊ ಮಾತ್ರ ಅಲ್ಲೇ ಇದ್ದಾಳೆ. ಮನೆಯ ಬೀದಿಯಲ್ಲಿ ಅವಳು ಎರಕದ ತೊಮೊಜಿಯ ಹೆಂಡತಿ, ಒಸಾಕಾದ ಮಗಳಿಗೆ ಅಮ್ಮ. ಮಸಾಯೊ ಸಾನ್, ಅಂದರೆ ಮಸಾಯೊ ಅವರೇ, ಎಂದು ಅವಳ ಸ್ವಂತ ಹೆಸರು ಹಿಡಿದು ಕರೆಯುವುದು ಆ ಅಂಗಡಿಯಲ್ಲಿ ಮಾತ್ರ. ಅದನ್ನು ಅವಳು ಯಾರಿಗೂ ಬಿಡಿಸಿ ಹೇಳಿದವಳಲ್ಲ, ಆದರೆ ಕೆಲಸ ಬಿಡು ಎಂದವರ ಮೇಲೆ ಅವಳಿಗೆ ಉರಿದು ಬೀಳುವಷ್ಟು ಸಿಟ್ಟು ಬರುವುದು ಅದಕ್ಕೇ.

ಹಾಗೆಂದವನು ಗಂಡನೇ. ತೊಮೊಜಿ ಕವಾಗುಚಿಯ ಎರಕದ ಕಾರ್ಖಾನೆಯಲ್ಲಿ ದುಡಿದು ನಿವೃತ್ತನಾದವನು. ಕುಲುಮೆಯ ಮುಂದೆ ನಿಂತೂ ನಿಂತೂ ಕಡಿಮೆ ಮಾತು ರೂಢಿಯಾಗಿತ್ತು, ನಿವೃತ್ತಿಯಾದ ಮೇಲೂ ಅದು ಹೆಚ್ಚಲಿಲ್ಲ. ಈ ಬೇಸಿಗೆಯಲ್ಲಿ ಮಸಾಯೊಳ ಬಲ ಮೊಣಕಾಲಲ್ಲಿ ನೀರು ತುಂಬಿ, ವೈದ್ಯರು ಸೂಜಿ ಹಾಕಿ ತೆಗೆದರು. ಆಸ್ಪತ್ರೆಯಿಂದ ಬಂದ ಸಂಜೆ ಅವನು ಊಟದ ನಡುವೆ ಇದ್ದಕ್ಕಿದ್ದಂತೆ ಬಾಯಿಬಿಟ್ಟ.

"ಈ ಸಲದ ತಾಲೀಮಲ್ಲಿ ಮನೆ ತನಕ ನಡ್ಕೊಂಡು ಬಂದ್ರೆ ಕೆಲಸಕ್ಕೆ ಹೋಗು. ಬರಕ್ಕಾಗ್ಲಿಲ್ವಾ, ಅಂಗಡಿ ಬಿಟ್ಬಿಡು."

"ಕಾಲು ನಂದು, ಕೆಲಸ ನಂದು. ನಿಮಗ್ಯಾಕ್ರೀ ಉಸಾಬರಿ?"

"ಯಾಕೋ. ಹಂಗೆ ಅಂತ ಇಟ್ಕೋ. ಮಧ್ಯದಲ್ಲಿ ರೈಲು ಹತ್ತಿದ್ರೂ ಲೆಕ್ಕಕ್ಕಿಲ್ಲ."

"ರೈಲು ನಿಂತೋಗಿದೆ ಅಂತ ತಾನೇ ತಾಲೀಮು? ನಿಂತೋಗಿರೋ ರೈಲನ್ನ ಹೆಂಗೆ ಹತ್ತಲಿ? ಆಯ್ತು, ಒಪ್ಪಿದೆ. ನೀವೂ ಒಂದು ಮಾತು ಕೊಡಿ. ನಿಜವಾದ ಭೂಕಂಪದ ದಿನ ಹೆಂಗೋ ತಾಲೀಮಿನ ದಿನಾನೂ ಹಂಗೆ, ನೀವು ಮನೇಲೇ ಕೂತಿರ್ಬೇಕು. ನನ್ ಮೊಬೈಲು ಆಫ್ ಇರುತ್ತೆ. ಹುಡುಕ್ಕೊಂಡು ಬಂದ್ಗಿಂದೀರಿ ಮತ್ತೆ."

"ನಾನೆಲ್ಲಿ ಹೋಗ್ಲಿ?" ಎಂದು ತೊಮೊಜಿ ಸೂಪಿನ ಬಟ್ಟಲು ಎತ್ತಿಕೊಂಡ.

ಹದಿಮೂರು ವರ್ಷದ ಕೆಳಗೆ, ಮಾರ್ಚ್ ತಿಂಗಳ ಆ ದೊಡ್ಡ ಭೂಕಂಪದ ದಿನ, ಮಸಾಯೊ ಹಿಮ್ಮಡಿ ಎತ್ತರದ ಚಪ್ಪಲಿಯಲ್ಲೇ ಊರಿನ ಜನದ ಜೊತೆ ನಡೆದು, ಕಾಲೆಲ್ಲ ಬೊಬ್ಬೆಯಾಗಿ, ಬೆಳಗಾದ ಮೇಲೆ ಮನೆ ಮುಟ್ಟಿದ್ದಳು. ತೊಮೊಜಿ ಬಾಗಿಲಲ್ಲಿ "ಬಂದ್ಯಾ" ಅಂದ. ಅಷ್ಟೇ. ಆಮೇಲೆ ಕಾರ್ಖಾನೆಗೆ ಹೊರಟುಹೋದ. ಕಲ್ಲಿನಂಥ ಗಂಡಸು ಎಂದು ಅವಳು ಅವತ್ತು ಅಂದುಕೊಂಡದ್ದು ಇವತ್ತಿಗೂ ಪೂರ್ತಿ ಕರಗಿಲ್ಲ.

ತಾಲೀಮಿನ ಹಿಂದಿನ ದಿನ, ಶನಿವಾರ, ಅಂಗಡಿಯ ನೆಲದ ಮೇಲೆ ಚೀಲದ ಹೊಟ್ಟೆ ಬಗೆದದ್ದಾಯಿತು. ಗಡುವು ಮುಗಿಯುವ ಗಟ್ಟಿ ಬಿಸ್ಕತ್ತನ್ನು ಎಲ್ಲರೂ ಕೂತು ತಿಂದು ಮುಗಿಸುವುದು ಅಲ್ಲಿನ ವಾಡಿಕೆ. ಅದನ್ನು ಅಗಿಯುವಷ್ಟರಲ್ಲಿ ದವಡೆಗೇ ಒಂದು ತಾಲೀಮು. ಮಸಾಯೊಗೆ ಈ ಸಲ ಭಾರ ಇಳಿಸುವುದೇ ಚಿಂತೆ. ನೀರಿನ ಬಾಟಲಿ ಒಂದು ತೆಗೆದಳು. ಕೈಯಿಂದ ತಿರುಗಿಸುವ ರೇಡಿಯೊ ಎತ್ತಿ ತೂಗಿ ನೋಡಿ ಪಕ್ಕಕ್ಕಿಟ್ಟಳು. ಅವಳು ಒಂದು ತೆಗೆದರೆ ಉಳಿದವರು ಎರಡು ತಂದು ತುರುಕುತ್ತಿದ್ದರು.

"ಮೊಣಕಾಲನ್ನೂ ಇಲ್ಲೇ ಬಿಟ್ಟು ಹೋಗಿ ಮಸಾಯೊ ಸಾನ್, ಇನ್ನೂ ಹಗುರ ಆಗುತ್ತೆ," ಅಂದ ಸೆಕಿನೆ, ಹೊಸ ಬಿಸ್ಕತ್ತಿನ ಡಬ್ಬ ಅವಳ ಚೀಲಕ್ಕೆ ಇಳಿಸುತ್ತ.

"ನಿಮ್ಮಜ್ಜ ಇದ್ದಿದ್ರೆ ಈ ಬಾಯಿಗೆ ಒಂದು ಬಿಡ್ತಿದ್ರು," ಎಂದು ಮಸಾಯೊ ಡಬ್ಬವನ್ನು ಹೊರಗೆ ತೆಗೆದಳು.

ಪ್ಯಾಕಿಂಗ್ ಮಾಡುವ ಕನಾಯೆ ಒಂದು ಲಿಪ್‌ಸ್ಟಿಕ್ ಚಾಚಿದಳು. "ಇದಕ್ಕೆ ಭಾರ ಇಲ್ಲ. ಇಟ್ಕೊಳ್ಳಿ."

"ಭೂಕಂಪದಲ್ಲಿ ಇದ್ಯಾಕಮ್ಮ?"

"ಅಷ್ಟು ದೂರದ ದಾರಿ. ಯಾರು ಸಿಗ್ತಾರೋ ಏನೋ!"

ಚೀಲದ ತಳದಲ್ಲಿ ಒಂದು ಪೆಟ್ಟಿಗೆ. ಆ ಹಳೆಯ ಭೂಕಂಪವಾದ ತಿಂಗಳೇ ಮಸಾಯೊ ಮನಸ್ಸು ಗಟ್ಟಿಮಾಡಿ ಕೊಂಡ ಒಳ್ಳೆಯ ನಡಿಗೆ ಶೂ. ಮೆತ್ತನೆಯ ದಪ್ಪ ಅಡಿ, ಒಂದು ಗೀರೂ ಇಲ್ಲ. ತಾಲೀಮಿಗೆಲ್ಲ ಅವಳು ದಿನಬಳಕೆಯ ಶೂ ಹಾಕುತ್ತಿದ್ದಳು. ಇದು ನಿಜವಾಗಿ ಭೂಕಂಪವಾಗುವ 'ಆ ದಿನ'ಕ್ಕೆ ಎಂದು ಎತ್ತಿಟ್ಟದ್ದು. ತಾಲೀಮಿಗೆ ಹಾಕಿ ಸವೆಸುವುದು ಅವಳ ದೃಷ್ಟಿಯಲ್ಲಿ ಶುದ್ಧ ದಂಡ. ಈ ದೇಶದ ಪ್ರತಿ ಮನೆಯ ಕಪಾಟಿನಲ್ಲೂ ಹೀಗೆ ಒಳ್ಳೆಯ ದಿನಕ್ಕೋ ಕೆಟ್ಟ ದಿನಕ್ಕೋ ಕಾದು ಕೂತ ವಸ್ತುಗಳಿವೆ. ಆದರೆ ಈ ಸಲ ಕೆಲಸವೇ ಪಣಕ್ಕಿತ್ತು, ಮೊಣಕಾಲಿಗೆ ಮೆತ್ತಗಿನ ಅಡಿ ಬೇಕಿತ್ತು. ಮಸಾಯೊ ಪೆಟ್ಟಿಗೆ ಬಿಚ್ಚಿದಳು.

ಭಾನುವಾರ ಬೆಳಗ್ಗೆ ಅಂಗಡಿಯ ಬೀಗ ತೆಗೆದು, ಚೀಲ ಏರಿಸಿ, ಹೊಸ ಶೂನ ದಾರ ಬಿಗಿದು ಹೊರಟಳು. ಬಿಸಿಲು ಇನ್ನೂ ಬೇಸಿಗೆಯದೇ. ಉಯೆನೊ ದಾಟುವವರೆಗೆ ಶೂ ಮೋಡದ ಹಾಗಿತ್ತು, ಇಷ್ಟು ವರ್ಷ ಯಾಕಾದರೂ ಪೆಟ್ಟಿಗೆಯಲ್ಲಿಟ್ಟೆನೋ ಎಂದು ತನ್ನನ್ನೇ ಬೈದುಕೊಂಡಳು. ನೆರಳಲ್ಲಿ ಕೂತು ಉಪ್ಪಿನಕಾಯಿ ಪ್ಲಮ್ ತುಂಬಿದ ಅನ್ನದುಂಡೆ ತಿಂದಳು. ಮೊಣಕಾಲು ಗೊಣಗುತ್ತಿತ್ತು, ಕೂಗುತ್ತಿರಲಿಲ್ಲ.

ಓಜಿಯ ಹತ್ತಿರ ಬಲಗಾಲಿನಲ್ಲಿ ಏನೋ ಪಟಪಟ ಅನ್ನತೊಡಗಿತು. ಬಗ್ಗಿ ನೋಡಿದರೆ ಶೂನ ಅಡಿ ಹಿಮ್ಮಡಿಯ ಕಡೆಯಿಂದ ಬಾಯಿಬಿಟ್ಟಿದೆ. ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಎಡಗಾಲಿನದೂ ಹಾಗೇ. ಹಿಂದೆ ತಿರುಗಿದಳು. ನಡೆದು ಬಂದ ದಾರಿಯ ಉದ್ದಕ್ಕೂ ಕಪ್ಪು ಪುಡಿ, ಹಳೇ ಕೇಕಿನ ಚೂರಿನ ಹಾಗೆ. ಹಾಕದೆ ಇಟ್ಟ ಶೂನ ಅಡಿ ಟೋಕಿಯೊದ ಮಳೆಗಾಲದ ಸೆಕೆಗೆ ಪೆಟ್ಟಿಗೆಯೊಳಗೇ ಸತ್ತುಹೋಗಿರುತ್ತದೆ. ಹಾಕಿಕೊಂಡು ಓಡಾಡಿದ್ದರೆ ಅದರ ಅವಸ್ಥೆ ಅವಳಿಗೆ ಮೊದಲೇ ತಿಳಿಯುತ್ತಿತ್ತು. 'ಆ ದಿನ'ಕ್ಕೆಂದು ಕಾಪಾಡಿದ ವಸ್ತು ಆ ದಿನವೇ ಕೈಕೊಡುತ್ತಿತ್ತಲ್ಲ ಎಂದು ಮಸಾಯೊಗೆ ಮೈ ಜುಮ್ಮೆಂದಿತು, ಅದರ ಹಿಂದೆಯೇ ನಗುವೂ ಬಂತು.

ರಸ್ತೆ ಬದಿಯ ಕಟ್ಟೆಯ ಮೇಲೆ ಕೂತು ಚೀಲದಿಂದ ಬಟ್ಟೆಯ ಅಂಟುಪಟ್ಟಿ ತೆಗೆದು, ಶೂ, ಅಡಿ, ಹಿಮ್ಮಡಿ, ಕಣಕಾಲು ಎಲ್ಲ ಸೇರಿಸಿ ಸುತ್ತಿದಳು. ಸುರುಳಿ ಮುಗಿಯುವವರೆಗೂ ಸುತ್ತಿದಳು. ಕೈಗೂಸಿನ ಜೊತೆ ಹೋಗುತ್ತಿದ್ದ ಒಬ್ಬ ಹೆಂಗಸು ನಿಂತು ನೋಡಿ, ತಲೆಬಾಗಿ ಮುಂದೆ ಹೋದಳು.

ಅಡಿ ಇಲ್ಲದ ಶೂನಲ್ಲಿ ಪ್ರತಿ ಹೆಜ್ಜೆಯೂ ನೇರ ಮೊಣಕಾಲಿಗೇ ತಾಗುತ್ತಿತ್ತು. ಅಕಾಬಾನೆ ಸ್ಟೇಷನ್ನಿನ ಮುಂದೆ ಬರುವ ಹೊತ್ತಿಗೆ ಮೊಣಕಾಲು ಊದಿಕೊಂಡು ಪ್ಯಾಂಟು ಬಿಗಿಯಾಗಿತ್ತು. ಅಲ್ಲಿಂದ ಕವಾಗುಚಿಗೆ ಒಂದೇ ಸ್ಟಾಪು. ಹತ್ತಿ ಕೂತು ಉಸಿರು ಬಿಡುವಷ್ಟರಲ್ಲಿ ನದಿಯಾಚೆ. ಯಾರು ನೋಡುತ್ತಾರೆ? ಮನೆಯ ಹತ್ತಿರ ಇಳಿದು ಕುಂಟುತ್ತ ಹೋದರೆ ತೊಮೊಜಿಗೆ ಗೊತ್ತೂ ಆಗದು. ಟಿಕೆಟ್ ಗೇಟಿನವರೆಗೆ ಹೋಗಿ ನಿಂತಳು. ರೈಲಿನ ಕಾರ್ಡು ಕೈಗೆ ಬಂದಿತ್ತು.

ಗೇಟಿನ ಪಕ್ಕದಲ್ಲಿ ಹಸಿರು ಬಣ್ಣದ ಸಾರ್ವಜನಿಕ ಫೋನು ಕಂಡಿತು. ಆ ದಿನ ಮೊಬೈಲು ಸತ್ತರೂ ಇದು ಬದುಕಿರುತ್ತದೆ ಎಂದು ಚೀಲದಲ್ಲಿ ಹತ್ತು ಯೆನ್ ನಾಣ್ಯ ಇಟ್ಟುಕೊಂಡೇ ಬಂದಿದ್ದಳು. ಮೊದಲು ಇದರ ತಾಲೀಮು ಆಗಲಿ, ರೈಲಿನ ಮಾತು ಆಮೇಲೆ ಎಂದು ಮನೆಗೆ ಫೋನು ಹಚ್ಚಿದಳು. ಗಂಟೆ ಬಾರಿಸುತ್ತಲೇ ಇತ್ತು. ಇಟ್ಟು ಮತ್ತೆ ಹಚ್ಚಿದಳು. ಎತ್ತುವವರಿಲ್ಲ. ಫೋನಿನ ಪಕ್ಕದಲ್ಲೇ ಕೂತು ಟಿವಿ ನೋಡುವ ಮನುಷ್ಯ, ಮನೆಯಲ್ಲೇ ಇರುತ್ತೇನೆಂದು ಮಾತು ಕೊಟ್ಟವನು.

ಆ ದಿನವಾಗಿದ್ದರೆ ಏನು ಮಾಡುತ್ತಿದ್ದೆ ಎಂದು ತನ್ನನ್ನೇ ಕೇಳಿಕೊಂಡಳು. ನಡೆಯುತ್ತಿದ್ದೆ, ಬೇರೆ ಇನ್ನೇನು? ಕಾರ್ಡನ್ನು ಜೇಬಿಗೆ ಹಾಕಿ ಸೇತುವೆಯ ದಾರಿ ಹಿಡಿದಳು. ಅರಾಕಾವಾ ಸೇತುವೆ ಎಂದೂ ಅಷ್ಟು ಉದ್ದ ಇರಲಿಲ್ಲ. ಪಕ್ಕದ ರೈಲು ಸೇತುವೆಯ ಮೇಲೆ ರೈಲುಗಳು ಅವಳನ್ನು ಹಿಂದೆ ಹಾಕಿ ಹೋಗುತ್ತಲೇ ಇದ್ದವು. ಅವಳು ಕಂಬಿ ಹಿಡಿದು, ಬಾಯಿಗೆ ಬಂದ ಬೈಗುಳವನ್ನೆಲ್ಲ ಬಳಸಿ, ದಾಟಿದಳು.

ಮನೆಗೆ ಬೀಗ. ತನ್ನ ಕೀಲಿಯಿಂದ ತೆಗೆದು ಕೂಗಿದರೆ ಉತ್ತರವಿಲ್ಲ. ಮೊಬೈಲು ಆನ್ ಮಾಡಿ ಅವನಿಗೆ ಹಚ್ಚಿದಳು. ಒಳಗೆ ಅಡುಗೆಮನೆಯಲ್ಲೇ ಅವನ ಮೊಬೈಲು ಹೊಡೆದುಕೊಂಡಿತು. ಒಳಗೆ ಹೋಗೋಣವೆಂದರೆ ಶೂ ಬಿಚ್ಚಬೇಕು, ಅಂಟುಪಟ್ಟಿ ಉಗುರಿಗೆ ಜಗ್ಗಲಿಲ್ಲ, ಕತ್ತರಿ ಇರುವುದು ಒಳಗೆ. ಮಂಡಿಯೂರಿ ತೆವಳಿ ಹೋಗಲು ಮೊಣಕಾಲು ಬಿಡಲಿಲ್ಲ. ಶೂ ಹಾಕಿಕೊಂಡು ಚಾಪೆ ತುಳಿಯುವುದಂತೂ ಅವಳಿಗೆ ತೋಚಲೂ ಇಲ್ಲ. ಬಾಗಿಲೊಳಗೆ ಶೂ ಬಿಡುವ ತಗ್ಗಿನಲ್ಲಿ ಕಾಲು ಚಾಚಿ, ಮೆಟ್ಟಿಲ ಮೇಲೆ ಕೂತಳು.

ಮೊದಲು ಸಿಟ್ಟು ಬಂತು. ಆಮೇಲೆ ಅವನ ರಕ್ತದೊತ್ತಡ ನೆನಪಾಯಿತು. ಎಲ್ಲೋ ಆಂಬುಲೆನ್ಸ್ ಕೂಗಿತು, ಆ ಸದ್ದು ದೂರವಾಗುವವರೆಗೆ ಅವಳು ಉಸಿರಾಡಲಿಲ್ಲ. ಪಕ್ಕದ ಮನೆಯ ಗೇಟು ಸದ್ದಾದಾಗ ಎದ್ದಳು, ಕೂತಳು. ನಡೆಯುವಾಗ ಕಾಲಿಗಾದರೂ ಕೆಲಸವಿತ್ತು. ಇಲ್ಲಿ ಬಾಗಿಲು ನೋಡುವುದೊಂದೇ ಕೆಲಸ. ಮಸಾಯೊಗೆ ಹೆದರಿಕೆಯಾಯಿತು, ಅಂಥ ಹೆದರಿಕೆ ಆ ದೊಡ್ಡ ಭೂಕಂಪದ ದಿನ ಅಷ್ಟು ದೂರ ನಡೆದಾಗಲೂ ಆಗಿರಲಿಲ್ಲ.

ಬಿಸಿಲು ಇಳಿದ ಮೇಲೆ ಬಾಗಿಲು ಸರಿಯಿತು. ತೊಮೊಜಿಯ ಮುಖ ಬಿಳಿಚಿತ್ತು. ಅವಳನ್ನು ನೋಡಿದವನೇ ಬಾಗಿಲ ಚೌಕಟ್ಟು ಹಿಡಿದು ನಿಂತ.

"ಎಲ್ಲಿ ಹಾಳಾಗಿ ಹೋಗಿದ್ರಿ?" ಎಂದು ಮಸಾಯೊ ಕಿರುಚಿದಳು.

"ಇಲ್ಲೇ, ನಮ್ಮ ಸ್ಟೇಷನ್ನಿಗೆ."

"ಯಾಕೆ?"

"ಗೇಟ್ ಹತ್ರ ನಿಂತಿದ್ದೆ. ಈ ಕಾಲಲ್ಲಿ ಸೇತುವೆ ಎಲ್ಲಿ ದಾಟ್ತಾಳೆ, ಅಕಾಬಾನೇಲಿ ರೈಲು ಹತ್ತೇ ಹತ್ತುತಾಳೆ ಅಂತ."

"ನನ್ನ ಹಿಡಿಯಕ್ಕಾ?"

"ಮೊದ್ಲು ಅದಕ್ಕೇ. ಹಿಡಿದ್ರೆ ನೀನು ಅಂಗಡಿ ಬಿಡ್ತಿದ್ದೆ." ತೊಮೊಜಿ ಶೂ ಕಳಚಿ, ಒಳಗೆ ಹೋಗಿ ಕತ್ತರಿ ತಂದು, ತಗ್ಗಿನಲ್ಲಿ ಅವಳ ಕಾಲ ಬುಡಕ್ಕೆ ಕುಕ್ಕರಿಸಿದ. "ಒಂದೊಂದು ರೈಲಿನ ಜನ ಇಳಿದು ಖಾಲಿ ಆಗೋರು. ನೀನಿಲ್ಲ. ಇನ್ನೊಂದು ಬರೋದು. ನೀನಿಲ್ಲ. ಆಮೇಲಾಮೇಲೆ, ಮೋಸಾನೇ ಮಾಡ್ಲಿ, ಹತ್ತಿ ಬಂದುಬಿಡ್ಲಿ ಅನ್ನಿಸ್ತು."

ಅಂಟುಪಟ್ಟಿ ಗಟ್ಟಿಯಾಗಿತ್ತು. ಅವನು ಚರ್ಮಕ್ಕೆ ತಾಗದಂತೆ ಬೆರಳು ಅಡ್ಡವಿಟ್ಟು ಕತ್ತರಿಸುತ್ತಿದ್ದ.

"ಆ ಭೂಕಂಪದ ರಾತ್ರಿ ನೀವೆಲ್ಲಿದ್ರಿ?" ಎಂದಳು ಮಸಾಯೊ. ಇಷ್ಟು ವರ್ಷ ಅವಳು ಇದನ್ನು ಕೇಳಿರಲಿಲ್ಲ.

"ನೀನು ಕೂತಿದ್ದೀಯಲ್ಲ, ಅಲ್ಲೇ."

"ಬೆಳಗ್ಗೆ ಒಂದು ಮಾತೂ ಆಡ್ಲಿಲ್ಲ ನೀವು."

"ಏನಾಡ್ಲಿ? ನೀನು ಸತ್ತೇಹೋದೆ ಅಂತ ರಾತ್ರಿಯೆಲ್ಲ ಕೂತಿದ್ದೆ. ನೀನು ಬಂದು ನಿಂತಾಗ ಬಾಯಿ ತೆಗೆದಿದ್ರೆ ಅತ್ತುಬಿಡ್ತಿದ್ದೆ ಕಣೇ."

ಬಲಗಾಲಿನ ಸುತ್ತು ಬಿಚ್ಚಿಕೊಂಡಿತು, ಶೂ ಎರಡು ತುಂಡಾಗಿ ಬಿತ್ತು. ಕೆಲಸ ಬಿಡುತ್ತೇನೆ ಅನ್ನುವ ಮಾತು ಮಸಾಯೊಳ ನಾಲಿಗೆಯ ತುದಿಗೆ ಬಂದಿತ್ತು. ಆ ಮೆಟ್ಟಿಲ ಮೇಲೆ ತಾನು ಕೂತದ್ದು ಒಂದಿಷ್ಟು ಹೊತ್ತು, ಅವನು ಕೂತದ್ದು ಒಂದಿಡೀ ರಾತ್ರಿ. ಹೇಳಿಬಿಡಬೇಕು ಎಂದುಕೊಂಡಳು. ಸೋಮವಾರ ಬೆಳಗ್ಗೆ ಅಂಗಡಿಯ ಬಾಗಿಲೆತ್ತುವುದು ಕಣ್ಣ ಮುಂದೆ ಬಂತು, ಮಾತು ಹಿಂದಕ್ಕೆ ಹೋಯಿತು.

"ನಡ್ಕೊಂಡೇ ಬಂದೆ ನೀನು," ಅಂದ ತೊಮೊಜಿ, ತಲೆ ಎತ್ತದೆ. "ಮಾತಂದ್ರೆ ಮಾತು. ಕೆಲಸಕ್ಕೆ ಹೋಗು. ಆ ದಿನ ಬಂದ್ರೆ ನಾನು ಇಲ್ಲಿ ಕೂತಿರ್ತೀನಿ."

"ನಾನು ಬರೋದು ಎಷ್ಟೊತ್ತಾಗುತ್ತೋ ರೀ."

"ಗೊತ್ತು. ಗೊತ್ತಿದ್ದೇ ಹೇಳ್ತಿರೋದು."

ಆ ಮಾತಿನ ತೂಕ ಈಗ ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಮಸಾಯೊ ಕಾಯುವುದು ಬೇಡ ಅನ್ನಲಿಲ್ಲ. ಎಡಗಾಲನ್ನು ಅವನ ಕಡೆಗೆ ಚಾಚಿದಳು.