ಸೂಜಿಗೆ ದಾರ ಪೋಣಿಸುವ ಪರೀಕ್ಷೆ

ಹುಣಸೂರಿನ ಕಣ್ಣಾಸ್ಪತ್ರೆಯೊಂದರಲ್ಲಿ ನಾನು ಚೀಟಿ ಬರೆಯುತ್ತಿದ್ದಾಗ ಕಣ್ಣು ಅಳೆಯಲು ಒಬ್ಬರಿದ್ದರು. ಪೊರೆ ತೆಗೆದು ಕಣ್ಣೊಳಗೆ ಕೂರಿಸುವ, ದೂರಕ್ಕೂ ಹತ್ತಿರಕ್ಕೂ ಒಂದೇ ಸಾಕೆನ್ನುವ ಹೊಸ ಲೆನ್ಸ್ ಆಗಷ್ಟೇ ಬಂದಿತ್ತು. ಅದನ್ನು ಹಾಕಿಸಿಕೊಂಡವರಿಗೆ ಚಾಳೀಸಿಲ್ಲದೆ ಹತ್ತಿರದ್ದು ಎಷ್ಟು ಕಾಣುತ್ತದೆಂದು ನೋಡುವುದು ಅವರ ಕೆಲಸ. ಓದುವ ಕಾರ್ಡಿಗೆ ದಾರ ಕಟ್ಟಿ, ಅದರ ತುದಿಯನ್ನು ರೋಗಿಯ ಕೆನ್ನೆಗೆ ತಾಗಿಸಿ ಅಂತರ ಸರಿಮಾಡುತ್ತಿದ್ದರು. ಊಟಕ್ಕೆ ಮಾತ್ರ ನಮ್ಮ ಜೊತೆ ಎಂದೂ ಕೂರಲಿಲ್ಲ.

ನಮ್ಮ ಜನರೋ, ಡಾಕ್ಟರಿಗೆ ಬೇಜಾರಾದೀತೆಂದು ಕಾಣದ್ದನ್ನೂ ಕಾಣುತ್ತದೆ ಎನ್ನುವವರು. "ನನ್ನ ಮುಖ ನೋಡಿ ಹೇಳ್ಬೇಡಿ, ಕಂಡಷ್ಟು ಹೇಳಿ" ಎಂದು ಅವರು ಪ್ರತಿಯೊಬ್ಬರಿಗೂ ಹೇಳುತ್ತಿದ್ದರು.

ಒಮ್ಮೆ ರಾವಂದೂರಿನ ಅಜ್ಜಿಯೊಬ್ಬಳು ಬಂದಳು. ಓದು ಬಾರದು. ಆದರೂ ಕಾರ್ಡಿನ ಮೇಲೆ ಬೆರಳಾಡಿಸಿ, "ಎಲ್ಲಾ ಚೆಂದಾಗಿ ಕಾಣ್ತದೆ ಕಣಪ್ಪ" ಎಂದಳು. ಅವರು ಸೂಜಿ, ದಾರ ಕೊಟ್ಟರು. ಎರಡನೇ ಸಲಕ್ಕೆ ಪೋಣಿಸಿದ ಅಜ್ಜಿ, ಸೂಜಿ ವಾಪಸ್ ಕೊಡದೆ ಅವರ ಅಂಗಿಯನ್ನೇ ನೋಡಿದಳು.

"ಗುಂಡಿ ನೇತಾಡ್ತಾ ಐತಲ್ಲಪ್ಪ, ಮನೇಲಿ ಯಾರೂ ನೋಡಾಕಿಲ್ವಾ? ಬಿಚ್ಕೊಡು. ಮೈಮೇಲಿದ್ದಂಗೆ ಒಲೀಬಾರ್ದು."

ಅವರು ಅಂಗಿ ಬಿಚ್ಚಿ ಕೊಟ್ಟು ಬನಿಯನ್ನಿನಲ್ಲೇ ಕೂತರು. ಹೊರಗೆ ಸಾಲು ಕಾಯುತ್ತಿತ್ತು. ಅಜ್ಜಿ ಹಲ್ಲಿನಿಂದ ದಾರ ಕಡಿದ ಮೇಲೆ, ಚೀಟಿಯಲ್ಲಿ ಏನು ಬರೆಯಲಿ ಎಂದು ಕೇಳಿದೆ.

"ಚೆನ್ನಾಗಿ ಕಾಣುತ್ತೆ ಅಂತ ಬರೀರಿ. ಆದ್ರೂ ಮುಂದಿನ ವಾರ ಇನ್ನೊಂದ್ಸಲ ಬರ್ಲಿ."

ಮುಂದಿನ ವಾರ ಅದೇ ದಿನ ಅವರ ಅಂಗಿಯ ಇನ್ನೊಂದು ಗುಂಡಿ ನೇತಾಡುತ್ತಿತ್ತು. ಬಾಗಿಲಲ್ಲಿ ಚಪ್ಪಲಿ ಬಿಡುವ ಸದ್ದಾದಾಗಲೆಲ್ಲ ತಲೆಯೆತ್ತುತ್ತಿದ್ದರು. ಅಜ್ಜಿ ಬರಲಿಲ್ಲ. ಕಣ್ಣು ಚೆನ್ನಾಗಿ ಕಾಣುತ್ತಿತ್ತಲ್ಲ, ಯಾಕೆ ಬರುತ್ತಾಳೆ?