ಉಲ್ಟಾ ಪ್ರದಕ್ಷಿಣೆ

ಬೆಂಕಿಯನ್ನು ಬಲಕ್ಕಿಟ್ಟುಕೊಂಡು ನಾನು ಪ್ರದಕ್ಷಿಣೆ ಹೊರಟರೆ, ಉಳಿದವರೆಲ್ಲ ಉಲ್ಟಾ ಹೊರಟಿದ್ದರು. ಎದುರಿಗೆ ಬಂದ ಹೆಲೆನ್‌ಗೆ ಢಿಕ್ಕಿ ಹೊಡೆದೆ. ಅವಳ ಬುಟ್ಟಿಯಲ್ಲಿದ್ದ ಸೇಬು, ಜೋಳದ ತೆನೆ, ಒಣಗಿದ ಎಲೆಗಳೆಲ್ಲ ಹುಲ್ಲಿನ ಮೇಲೆ ಚೆಲ್ಲಿಹೋದವು.

ಹೆಲೆನ್, ಅಡಿಲೇಡ್‌ನ ಮಾಡ್ಬರಿಯಲ್ಲಿ ನಮ್ಮ ಪಕ್ಕದ ಮನೆಯಾಕೆ. ಸೂರ್ಯ, ಭೂಮಿ, ಋತುಗಳನ್ನೇ ಪೂಜಿಸುವ ಪೇಗನ್ ಪಂಥದವಳು. ಹಗಲು ರಾತ್ರಿ ಸಮವಾಗುವ ಮಾರ್ಚ್ ತಿಂಗಳ ಆ ಸಂಜೆ, ತನ್ನ ಹಿತ್ತಿಲಿನ ಸುಗ್ಗಿ ಪೂಜೆಗೆ ನನ್ನನ್ನೂ ಕರೆದಿದ್ದಳು.

“ಸಾರಿ, ನಮ್ಮಲ್ಲಿ ಈ ಕಡೆಯಿಂದ ಸುತ್ತೋದು” ಎಂದೆ.

ಸೇಬು ಹೆಕ್ಕುತ್ತ ಆಕೆ ನಕ್ಕಳು. “ಇಂಗ್ಲೆಂಡಿನಲ್ಲಿ ನಮ್ಮ ಪಂಥದವರೂ ನಿನ್ನ ಹಾಗೇ ಸುತ್ತೋದು. ಆದ್ರೆ ಇಲ್ಲಿ ಸೂರ್ಯ ಉತ್ತರದ ಆಕಾಶದಲ್ಲಿ ಬಲದಿಂದ ಎಡಕ್ಕೆ ಹೋಗ್ತಾನಲ್ಲ, ಅದಕ್ಕೇ ನಾವು ತಿರುಗಿಸಿಕೊಂಡ್ವಿ. ಸೂರ್ಯ ಹೋದ ಕಡೆ ನಾವು.”

ಅವಳಿಗೆ ಅದು ಅಷ್ಟು ಸಲೀಸು. ನಾನು ಉಲ್ಟಾ ಸುತ್ತನ್ನು ನೋಡಿದ್ದು ಒಂದೇ ಸಲ. ಹೆಗಲ ಮೇಲೆ ಮಡಕೆ ಹೊತ್ತು ಅಣ್ಣ ಅಪ್ಪನ ಚಿತೆಗೆ ಸುತ್ತು ಬಂದದ್ದನ್ನು, ಇಲ್ಲಿ ಕೂತು ಫೋನಿನಲ್ಲಿ ನೋಡಿದ್ದೆ. ಹೆಲೆನ್ ಕೈ ಹಿಡಿದಳೆಂದು ಅವರಂತೆಯೇ ಒಂದು ಸುತ್ತು ಬಂದೆ.

ಮರುದಿನ ಬೆಳಿಗ್ಗೆ ತಂಬಿಗೆ ಹಿಡಿದು ತುಳಸಿ ಕುಂಡದ ಮುಂದೆ ನಿಂತವಳಿಗೆ ಕಾಲೇ ಏಳಲಿಲ್ಲ. ಇಷ್ಟು ವರ್ಷ ಇಲ್ಲಿನ ಸೂರ್ಯನಿಗೆ ಎದುರಾಗಿಯೇ ಸುತ್ತುತ್ತಿದ್ದೆನೇ? “ಯಾಕೆ ನಿಂತ್ಬಿಟ್ಟೆ? ಆಫೀಸಿಗೆ ಲೇಟಾಗುತ್ತೆ” ಎಂದು ಗಂಡ ಒಳಗಿಂದ ಕೂಗಿದರು. ನಿಂತಲ್ಲಿಂದಲೇ ನೀರೆರೆದು ಬಂದೆ. ಅಂದಿನಿಂದ ತುಳಸಿಗೆ ನೀರಷ್ಟೇ, ಪ್ರದಕ್ಷಿಣೆ ಇಲ್ಲ.