ಕಡಲಿಗಿಳಿಯುವ ಡ್ರಮ್ಮಿಗೆ ಕುಂಕುಮ

ಡ್ರಮ್ಮಿನ ಅಂಚಿಗೆ ಇನ್ನೇನು ತಾಗುವಷ್ಟು ಹತ್ತಿರ ಅಮ್ಮನ ಉಂಗುರದ ಬೆರಳು ಬಂದಿತ್ತು. ತುದಿಯಲ್ಲಿ ಒದ್ದೆ ಕುಂಕುಮ. ನಾನು ಅಡ್ಡ ನಿಂತೆ.

ಅಂದು ಆಯುಧಪೂಜೆ. ಬಸವೇಶ್ವರನಗರದ ನಮ್ಮ ಮನೆಯಲ್ಲಿ ಸ್ಕೂಟರ್, ಮಿಕ್ಸಿ, ಈಳಿಗೆಮಣೆಗಳಿಗೆಲ್ಲ ಪೂಜೆಯಾಗಿ ನನ್ನ ಅರ್ಧಕ್ಕೆ ಕತ್ತರಿಸಿದ ಡ್ರಮ್ಮಿನ ಸರದಿ ಬಂದಿತ್ತು. ಕರಾವಳಿಯಲ್ಲಿ ಅದನ್ನು ದಡದ ಹತ್ತಿರ, ನೀರಿನಡಿಯ ಮರಳಿನಲ್ಲಿ ಬೋರಲಾಗಿ ಹೂಳುತ್ತೇವೆ. ನೆಲದಡಿಯಿಂದ ಜಿನುಗುವ ನೀರು ಮೇಲಿನ ಕೊಳವೆಯ ಮೂಲಕ ಒಂದು ಚೀಲಕ್ಕೆ ತುಂಬುತ್ತದೆ. ಎಷ್ಟು ನೀರು ಬಂತು, ಅದರೊಂದಿಗೆ ಗದ್ದೆ ತೋಟಗಳ ಗೊಬ್ಬರದ ಸಾರ ಎಷ್ಟು ಕಡಲು ಸೇರುತ್ತಿದೆ ಎಂದು ಅಳೆಯುವುದು ನನ್ನ ಕೆಲಸ. ಅದಕ್ಕೆಂದೇ ಡ್ರಮ್ಮನ್ನು ಆಸಿಡ್‌ನಲ್ಲಿ ತೊಳೆದು ಒಣಗಿಸಿಟ್ಟಿದ್ದೆ.

"ಅಮ್ಮಾ, ಕುಂಕುಮ, ಅರಿಶಿನ, ಹೂವು ಏನೂ ಬೇಡ. ಗಿಡ ಹೀರಿದ ಗೊಬ್ಬರದ ಸಾರ ಅದರಲ್ಲೂ ಇರತ್ತೆ. ಆಮೇಲೆ ನೆಲದ ನೀರಿಂದು ಯಾವುದು, ನಿನ್ನ ಪೂಜೆದು ಯಾವುದು ಅಂತ ಗೊತ್ತಾಗಲ್ಲ."

"ಎಲ್ಲಾದಕ್ಕೂ ಇಟ್ಟು ಇದೊಂದನ್ನ ಬಿಡೋದಾ? ಸಮುದ್ರಕ್ಕಿಳಿಯೋ ಸಾಮಾನು ಕಣೇ!"

"ನಾನೂ ಇಳೀತೀನಲ್ಲ."

ಅಮ್ಮ ಕುಂಕುಮವನ್ನು ನನ್ನ ಹಣೆಗಿಟ್ಟಳು. "ಸರಿ, ಹಾಗಾದ್ರೆ ನೀನೇ ಮೆಷಿನ್ನು." ಆರತಿಯನ್ನೂ ನನಗೇ ಎತ್ತಿದಳು.

"ಇನ್ನು ಇವಳ ಕಾಲಡಿ ನಿಂಬೆಹಣ್ಣು ಇಡೋದೊಂದು ಬಾಕಿ" ಎಂದು ಅಪ್ಪ ಸೋಫಾದಿಂದಲೇ ನಕ್ಕರು.

ಮರುದಿನ ಬೆಳಿಗ್ಗೆ ಕರಾವಳಿಗೆ ಹೋಗುವ ಜೀಪು ಬಂತು. ನಾನು ಹಣೆ ತೊಳೆದು, ಕೈಗವಸು ಹಾಕಿಕೊಂಡು ಡ್ರಮ್ಮಿನ ಒಂದು ಬದಿ ಹಿಡಿದೆ. ಇನ್ನೊಂದು ಬದಿ ಹಿಡಿಯಲು ಅಮ್ಮ ಬಂದಾಗ ಅವಳಿಗೂ ಒಂದು ಜೊತೆ ಕೈಗವಸು ಕೊಟ್ಟೆ.